ಬಲೆಯ ದಾರಿ ಹುಡುಕಿದವಳು

ಮೆಕಾಂಗ್ ಬತ್ತಿ ಬಂಡೆಗಳು ಮೇಲೇಳುವ ಏಪ್ರಿಲ್‌ನಲ್ಲಿ ಹಾತ್‌ಸಾಂಗ್ ಊರಿನವರು ನದಿಗಿಳಿದು ತಳ ನೋಡುತ್ತಾರೆ. ಮಳೆಗಾಲದಲ್ಲಿ ತೇಲುಬಲೆ ಬಿಡುವ ದಾರಿಯಲ್ಲಿ ಎಲ್ಲಿ ಕಲ್ಲಿದೆ, ಎಲ್ಲಿ ಕೊರಡಿದೆ ಎಂದು ಹುಡುಕಿ ಆಗಲೇ ಎತ್ತಿ ಹಾಕಬೇಕು. ಆ ಕೆಲಸಕ್ಕೆ ಕೈ ಹಾಕದವನಿಗೆ ಆ ವರ್ಷ ಬಲೆಯ ಸರದಿಯಿಲ್ಲ.

ಸೆಂಗ್‌ಚನ್‌ಳ ಗಂಡ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ. ಅವನ ಬದಲು ಅವಳೇ ಬಿದಿರಿನ ಗಳ ಹಿಡಿದು ಬಂದಳು.

"ಮನೆಗೆ ಹೋಗು ತಂಗಿ," ಎಂದ ಊರಿನ ಮುಖ್ಯಸ್ಥ ಫೂವೊಂಗ್. "ಹೆಂಗಸು ಮುಟ್ಟಿದ ಬಲೆಗೆ ಮೀನು ಬೀಳಲ್ಲ. ನಿಮ್ಮ ಸರದಿ ಈ ಸಲ ನನ್ನ ಅಳಿಯನಿಗೆ."

"ಬೀಳೋದು ಬಿಡೋದು ಆಮೇಲೆ ನೋಡ್ಕೊಳ್ಳೋಣ ಅಣ್ಣಾ. ಮೊದ್ಲು ತಳ ನೋಡೋಣ."

ಗಂಡಸರು ದಡದ ಹುಣಸೆಮರದ ಗುರುತು ಹಿಡಿದು, ಹೋದ ವರ್ಷದಂತೆಯೇ ಸಾಲಾಗಿ ನಡೆದರು. ಅವರು ಇಲ್ಲಿ ಕಾಲಿಡುವುದು ವರ್ಷಕ್ಕೊಮ್ಮೆ. ಹೆಂಗಸರೋ ಚಳಿಗಾಲವಿಡೀ ಮೊಣಕಾಲುದ್ದ ನೀರಲ್ಲಿ ನಿಂತು ತಿನ್ನುವ ಪಾಚಿ ಕೀಳುತ್ತಾರೆ, ಅದರ ಮೇಲೆ ಎಳ್ಳು ಉದುರಿಸಿ ಒಣಗಿಸಿ ಮಾರುತ್ತಾರೆ. ಮರಳು ಎತ್ತ ಸರಿಯಿತೆಂದು ಅವರ ಅಂಗಾಲಿಗೆ ಗೊತ್ತು. ಆದರೆ ಅಂಗಾಲನ್ನು ಯಾರು ಕೇಳಬೇಕು!

ಸೆಂಗ್‌ಚನ್ ಸಾಲು ಬಿಟ್ಟು ನಲವತ್ತು ಹೆಜ್ಜೆ ಆಚೆ ಹೋಗಿ ಗಳ ಇಳಿಸಿದಳು. ಗಳ ಪೂರ್ತಿ ಮುಳುಗಿತು; ನದಿಯ ಆಳ ಈ ಸಲ ಇತ್ತ ಸರಿದಿತ್ತು.

"ಅಕ್ಕಾ, ನದಿ ಇಲ್ಲಿದೆ!" ಎಂದು ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು.

"ಅಲ್ಲಿರೋದು ಬರೀ ಮರಳು ಕಣ್ರಪ್ಪಾ! ಕಲ್ಲು ಕಟ್ಟಿ ಹಗ್ಗ ಎಳೆದು ನೋಡಿ, ಆಮೇಲೆ ಹಲ್ಲು ಬಿಡೀರಂತೆ."

ದೋಣಿಯಿಂದ ಎಳೆದರು. ಹಳೆಯ ದಾರಿಯಲ್ಲಿ ಕಲ್ಲು ಇಪ್ಪತ್ತು ಮಾರಿಗೇ ಮರಳಲ್ಲಿ ಹೂತು ನಿಂತಿತು. ಅವಳು ತೋರಿಸಿದಲ್ಲಿ ಸಲೀಸಾಗಿ ಸಾಗಿ, ಕೊನೆಯಲ್ಲಿ ಒಂದು ದೊಡ್ಡ ಕೊರಡಿಗೆ ಸಿಕ್ಕಿಕೊಂಡಿತು.

ಫೂವೊಂಗ್ ಗಂಟಲು ಸರಿಮಾಡಿಕೊಂಡ. "ಒಳ್ಳೇದಾಯ್ತು ತಂಗಿ. ಇನ್ನು ನೀನು ಹೊರಡು. ಕೊರಡು ನಾವು ಎತ್ತುತ್ತೀವಿ."

ಸೆಂಗ್‌ಚನ್‌ಗೆ ಮೈಯೆಲ್ಲ ಉರಿದುಹೋಯಿತು. ದಾರಿ ತೋರಿಸುವುದು ತಾನು, ಸರದಿ ಅಳಿಯನಿಗೆ! ದಪ್ಪ ಹಗ್ಗವೊಂದರ ತುದಿ ಕಿತ್ತುಕೊಂಡು ಒಂದೇ ಉಸಿರಿಗೆ ಮುಳುಗಿದಳು. ಕೊರಡಿಗೆ ಬಿಗಿದು ಮೇಲೆ ಬಂದು, ಇನ್ನೊಂದು ತುದಿಯನ್ನು ಗಂಡಸರತ್ತ ಬೀಸಿದಳು.

"ಎಳೀರಿ! ನಾನು ಕೈ ಹಾಕಿದ್ದಾಯ್ತು. ಇನ್ನು ಕೈ ಹಾಕದೆ ನಿಂತವ್ರಿಗೆ ಸರದಿ ಇಲ್ಲ. ಅಣ್ಣಾ, ನಿಮ್ಮನ್ನೂ ಸೇರಿಸೇ ಹೇಳ್ತಿರೋದು!"

ಮೊದಲು ಹಗ್ಗ ಹಿಡಿದವನು ಫೂವೊಂಗನ ಅಳಿಯನೇ.

"ಬನ್ನಿ ಮಾವಾ," ಎಂದ ಅವನು. "ಸುಮ್ನೆ ನಿಂತು ನಿಮ್ಮ ಸರದಿ ಯಾಕೆ ಕಳ್ಕೋತೀರ?"

ಫೂವೊಂಗ್ ಗೊಣಗುತ್ತ ನೀರಿಗಿಳಿದು, ಸೆಂಗ್‌ಚನ್‌ಳ ಹಿಂದೆ ನಿಂತು ಹಗ್ಗ ಹಿಡಿದ.