ಒಂದೂ ದಾಗಿಲ್ಲದ ಮುಖ

ಒಂದು ಸಿನಿಮಾ ನೋಡಲು ಬಸವಕಲ್ಯಾಣದಿಂದ ಹುಮನಾಬಾದಿನವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋದೆವು, ನಾನು ಮತ್ತು ಮಗಳು ದೀಪಾಲಿ. ನನಗೆ ಸಿನಿಮಾದ ಹುಚ್ಚೇನೂ ಇಲ್ಲ. ಆದರೆ ಇದು ನನ್ನ ಗಂಡ ತುಳಜಾರಾಮ ನಟಿಸಿದ ಒಂದೇ ಒಂದು ಸಿನಿಮಾ. ಅವರು ತೀರಿಕೊಂಡಾಗ ದೀಪಾಲಿ ತೊಟ್ಟಿಲಲ್ಲಿದ್ದಳು. ಅಪ್ಪನ ಮುಖ ಹೇಗಿತ್ತೆಂದು ಅವಳಿಗೆ ಗೊತ್ತೇ ಇಲ್ಲ.

ಫೋಟೋ ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ಸಣ್ಣವರಿದ್ದಾಗ, ನಮ್ಮ ಮಂದಿ ದೇವಿ ಅನ್ನುವ ಸಿಡುಬು ಬಂದು ಅವರ ಮುಖದ ತುಂಬ ಕುಳಿ ಬಿದ್ದಿದ್ದವು. ನಮ್ಮ ಕಡೆಯ ಸ್ಟುಡಿಯೋದವರು ಬಹಳ ಒಳ್ಳೆಯವರು, ಹೇಳದಿದ್ದರೂ ಅವನ್ನೆಲ್ಲ ಅಳಿಸಿ ಕೊಡುತ್ತಿದ್ದರು. ಮದುವೆ ಆಲ್ಬಮ್ಮಿನಲ್ಲಿ ನನ್ನ ಪಕ್ಕ ನಿಂತಿರುವ ಆ ನುಣ್ಣನೆಯ ಗಂಡಸು ಯಾರೋ ನನಗೇ ಗೊತ್ತಿಲ್ಲ. ನಿಜವಾದ ಮುಖ ಇದ್ದದ್ದು ಆ ಸಿನಿಮಾದಲ್ಲಿ ಮಾತ್ರ.

ಅದನ್ನು ಮಾಡಿದವರು ಅವರ ಗೆಳೆಯ, ಹುಮನಾಬಾದಿನ ಸಂಘರತ್ನ. ಹೆಸರು ‘ಮಾಡಿದ ಮಂದಿ’. ಕಾರ್ಖಾನೆಯಲ್ಲಿ ತಯಾರಾದ ಮನುಷ್ಯರು ಊರೊಳಗೆ ಸೇರಿಕೊಳ್ಳುತ್ತಾರೆ. ಯಾರು ಹುಟ್ಟಿದವರು, ಯಾರು ಮಾಡಿದವರು ಎಂದು ತಿಳಿಯುವುದಿಲ್ಲ. ಕೊನೆಗೆ ಊರವರು ಇನ್‌ಸ್ಪೆಕ್ಟರನ ಮೇಲೇ ಸಂಶಯಪಡುತ್ತಾರೆ. ಆಗ ಅವನು ಬೆಳಕಿಗೆ ಮುಖ ಒಡ್ಡಿ, “ದೇವಿ ಮುಟ್ಟಿದ ಮುಖ ಯಾವ ಮಶೀನಿನ್ಯಾಗೂ ತಯಾರಾಗಂಗಿಲ್ಲ, ನೋಡ್ರಿ” ಅನ್ನುತ್ತಾನೆ. ಆ ಇನ್‌ಸ್ಪೆಕ್ಟರ್ ನನ್ನ ಗಂಡ. ಒಂದು ವಾರವೂ ಓಡದ ಸಿನಿಮಾ ಅದು. ಇಷ್ಟು ವರ್ಷ ಸಂಘರತ್ನರ ಮನೆಯ ಅಟ್ಟದಲ್ಲಿದ್ದ ರೀಲು ಈಗ ಡಿಸ್ಕಾಗಿ ಹೊರಬರುತ್ತಿತ್ತು.

“ಬರ್ರಿ ವೈನಿ, ಕೂಡ್ರಿ,” ಎಂದು ಸಂಘರತ್ನ ಡಿಸ್ಕ್ ಹಾಕಿದರು. “ರೀಲು ಬೂಸ್ರ ಹಿಡದು ಹಾಳಾಗಿತ್ತ್ರಿ. ಈಗ ನೋಡ್ರಿ, ಕನ್ನಡಿ ಹಂಗ ಆಗ್ಯಾದ.”

ಹೌದು, ಹಾಗೇ ಇತ್ತು. ಕಲ್ಯಾಣದ ಕೋಟೆಯ ಕಲ್ಲುಕಲ್ಲೂ ಕಾಣುತ್ತಿತ್ತು. ಕಾದೂ ಕಾದೂ ಕೊನೆಗೆ ಇನ್‌ಸ್ಪೆಕ್ಟರ್ ಬೆಳಕಿಗೆ ಬಂದ. ಮುಖದಲ್ಲಿ ಒಂದು ಕುಳಿಯೂ ಇರಲಿಲ್ಲ. ಮೇಣದ ಗೊಂಬೆಯೊಂದು ನನ್ನ ಗಂಡನ ದನಿಯಲ್ಲಿ ದೇವಿ ಮುಟ್ಟಿದ ಮುಖದ ಆ ಮಾತು ಆಡುತ್ತಿತ್ತು.

“ಅವ್ವಾ,” ದೀಪಾಲಿ ಮೆಲ್ಲಗೆ ಕೇಳಿದಳು, “ಹಂಗಾದ್ರ ಅಪ್ಪನೂ ಮಾಡಿದ ಮನುಷ್ಯನೇ ಏನು? ಸುಳ್ಳು ಹೇಳಾಕತ್ತಾನೇನು?”

ನನಗೆ ಸಿಟ್ಟು ನೆತ್ತಿಗೇರಿತು. “ಅಣ್ಣಾರ, ಅವರ ಮುಖ ಎಲ್ಲಿ ಹೋತ್ರಿ?”

ಸಂಘರತ್ನ ಎದ್ದು ಟೀವಿಯ ಹತ್ತಿರ ಹೋಗಿ ನಿಂತರು. “ನಾ ಬರೇ ಶುರೂದು ನೋಡಿದ್ನಿರಿ,” ಅಂದರು. “ರೀಲು ಡಿಸ್ಕ್ ಮಾಡಿದ ಲ್ಯಾಬಿನವ ಫೋನ್ ಮಾಡಿ, ಎಲ್ಲಾ ದಾಗ ತೆಗೀಲೇನ್ರಿ ಅಂದ. ನಾ ರೀಲಿನ ದಾಗ ಅಂತ ತಿಳಕೊಂಡು, ಒಂದೂ ದಾಗ ಇಡಬ್ಯಾಡ ಅಂದ್ನಿ.”

ನಮ್ಮಲ್ಲಿ ಬಟ್ಟೆಯ ಕಲೆಯೂ ದಾಗ, ಮುಖದ ಕಲೆಯೂ ದಾಗ. ಲ್ಯಾಬಿನವನದಾದರೂ ಏನು ತಪ್ಪು?

“ಹಳೇ ರೀಲು?”

“ಹುಳಿ ವಾಸನಿ ಹೊಡೀತಿತ್ತು. ಲ್ಯಾಬಿನ್ಯಾಗೇ ಕಸಕ್ಕ ಒಗದಾರ. ತಿದ್ದೂದಕ್ಕಿಂತ ಮೊದಲಿನ ಕಾಪೀನೂ ಇಟ್ಟಿಲ್ಲ, ವೈನಿ.” ಅವರ ಕಣ್ಣಲ್ಲಿ ನೀರಿತ್ತು.

ಸರಿಯಾಗಿ ಬೈಯಬೇಕೆಂದಿದ್ದೆ. ಅಳುವವರನ್ನು ಬೈಯಲೂ ತ್ರಾಣ ಬೇಕು, ನನ್ನಲ್ಲಿ ಅದಿರಲಿಲ್ಲ. ಕೊಟ್ಟ ಚಹಾ ಕುಡಿದು ಎದ್ದು ಬಂದೆವು.

ವಾಪಸು ಬರುವಾಗ ಸೀಟು ಸಿಕ್ಕಿತು. ದೀಪಾಲಿ ನನ್ನ ಕಡೆ ತಿರುಗಿ, “ಖರೇನ ಹ್ಯಾಂಗಿತ್ತವ್ವಾ ಅಪ್ಪನ ಮುಖ?” ಅಂದಳು.

ನಾನು ಅವಳ ಬಲಗೆನ್ನೆಯ ಮೇಲೆ ಬೆರಳಿಟ್ಟು ತೋರಿಸಿದೆ. “ಇಲ್ಲೊಂದು ದೊಡ್ಡದು. ಅದರ ಕೆಳಗ ಜೋಡಿ. ಕಿವಿ ಕಡೀಗಿ ಎಲ್ಲಾ ಸಣ್ಣಸಣ್ಣವು.” ಪಕ್ಕದವರು ನೋಡುತ್ತಿದ್ದರು, ನೋಡಲಿ. ಅವಳು ಕಣ್ಣು ಮುಚ್ಚಿ ಕೂತಿದ್ದಳು.

“ಈ ಕಡೀಗಿ?” ಎಂದು ಎಡಗೆನ್ನೆ ತಿರುಗಿಸಿದಳು.

ಬೆರಳೆತ್ತಿದೆ. ಎಷ್ಟು ನೆನೆದರೂ ಕಣ್ಣ ಮುಂದೆ ಬಂದದ್ದು ಟೀವಿಯಲ್ಲಿ ಕಂಡ ಆ ನುಣ್ಣನೆಯ ಕೆನ್ನೆ. ಅದರ ಹಿಂದೆ ಏನೂ ಇರಲಿಲ್ಲ. ಮಗಳು ಕಣ್ಣು ಮುಚ್ಚಿಕೊಂಡೇ ಕಾಯುತ್ತಿದ್ದಳು.

ಕೈಗೆ ಬಂದಲ್ಲಿ ಬೆರಳಿಟ್ಟೆ. “ಇಲ್ಲೊಂದು,” ಅಂದೆ.