ಕಪಿಲೆಯ ಹಿಂದೆ ಕಲಿತ ಭಾಷಣ

ಡೆಪ್ಯುಟಿ ಕಮಿಷನರ್ ಸಾಹೇಬರ ಮೇಜಿನ ಮೇಲೊಂದು ನೊಣ, ಮಸಿಕುಡಿಕೆಯ ಅಂಚಿಗೆ ಹತ್ತುತ್ತದೆ, ಇಳಿಯುತ್ತದೆ, ಮತ್ತೆ ಹತ್ತುತ್ತದೆ, ಬಿದ್ದೀಯ ಕಣೋ ಎಂದು ಮುದ್ದಪ್ಪ ಒಳಗೊಳಗೇ ಅದಕ್ಕೆ ಬುದ್ಧಿ ಹೇಳಿದ, ತನಗೆ ಹೇಳುವವರು ಯಾರೂ ಇರಲಿಲ್ಲ, ಬಂಗಲೆಯ ಅಂಗಳದ ಸಭೆಯಲ್ಲಿ ತರೀಕೆರೆಯವರು ಸೇತುವೆ ಕೇಳಿ ಕೂತಾಯಿತು, ಅಜ್ಜಂಪುರದ ಸಾಹುಕಾರರು ರಸ್ತೆ ಕೇಳಲು ಎದ್ದವರು ಆ ರಸ್ತೆಯಷ್ಟೇ ಉದ್ದ ಮಾತಾಡುತ್ತಿದ್ದಾರೆ, ಅಮಲ್ದಾರರು ಎರಡು ಸಲ ಗಡಿಯಾರ ತೆಗೆದು ನೋಡಿದರು, ಇವರಾದ ಮೇಲೆ ಯಗಟಿ, ಯಗಟಿ ಅಂದರೆ ತಾನು. ಊರಿಗೊಬ್ಬ ನರ್ಸಮ್ಮನನ್ನು ಕೊಡಿ ಅಂತ ಕೇಳಬೇಕು, ಅಷ್ಟೇ, ಅಷ್ಟಕ್ಕೇ ಮಲ್ಲಿಕಾರ್ಜುನಪ್ಪ ಮೇಷ್ಟ್ರು ಎರಡು ಹಾಳೆ ಬರೆದುಕೊಟ್ಟಿದ್ದರು, ಮೊದಲು ಕೈ ಮುಗೀಬೇಕು ಮುದ್ದಪ್ಪ, ಆಮೇಲೆ ದೊರೆಗಳಿಗೆ ಜಯ ಹೇಳ್ಬೇಕು, ಆಮೇಲೆ ಊರಿನ ವರ್ಣನೆ, ಕಡೇಲಿ ಬೇಡಿಕೆ, ಹಾಳೆ ನೋಡ್ಬಾರ್ದು, ಸಾಹೇಬ್ರ ಮುಖ ನೋಡ್ಬೇಕು, ಮಾತು ಆಡಿದರೆ ಹೋಯ್ತು ಮುತ್ತು ಒಡೆದರೆ ಹೋಯ್ತು, ನೆನಪಿರ್ಲಿ. ಪುಣ್ಯಾತ್ಮ ಮೇಷ್ಟ್ರು, ಒಳ್ಳೆಯವರು, ಆದರೆ ಓದು ಬಾರದವನಿಗೆ ಹಾಳೆ ನೋಡಬೇಡ ಎಂದರಲ್ಲ, ನೋಡಿದರೂ ಏನು ಕಂಡೀತು! ಮೇಷ್ಟ್ರು ಓದಿ ಹೇಳಿದ್ದನ್ನೆಲ್ಲ ಹದಿನೈದು ದಿನ ತೆಂಗಿನ ತೋಟದಲ್ಲಿ ಎತ್ತು ಕಟ್ಟಿ ಬಾವಿಯ ನೀರೆತ್ತುವ ಕಪಿಲೆ ಹೊಡೆಯುತ್ತ ಬಾಯಿಪಾಠ ಮಾಡಿದ್ದ, ಎತ್ತಿನ ಜೊತೆ ಮುಂದೆ ನಡೆದು ನೀರು ತುಂಬಿದ ತೊಗಲಿನ ಬಾನಿ ಮೇಲೆ ಬರುವಾಗ ಒಂದು ಮಾತು, ನೀರು ದಬದಬ ಸುರಿಯುವಾಗ ಮಾತಿನ ಕೊನೆ, ಎತ್ತಿನ ಜೊತೆ ಹಿಂದಕ್ಕೆ ಹೆಜ್ಜೆಯಿಡುವಾಗ ಉಸಿರು, ಒಂದಕ್ಷರ ತಪ್ಪುತ್ತಿರಲಿಲ್ಲ. ಕಾಲುವೆಯ ಬಾಯಲ್ಲಿ ಮನೆಯವಳು ಸಸಿಗಳಿಗೆ ನೀರು ತಿರುಗಿಸುತ್ತ ನಿಂತು ನಗುತ್ತಿದ್ದಳು, ಅದೇನ್ರೀ ಪಾದಾರವಿಂದ, ಅದನ್ನ ತಿನ್ತಾರಾ, ನರ್ಸಮ್ಮನ್ನ ತಗೊಂಡೋಗಿ ಬಾಲಕ್ಕೆ ಕಟ್ಟಿದೀರಲ್ಲ ಅನ್ನುವಳು, ಲೇ ನಿಂಗೇನು ಗೊತ್ತು ಸಭೆ ಅಂದ್ರೆ ಎಂದು ಇವನು ಗದರುವನು, ಅವಳಿಗೆ ಗೊತ್ತಿತ್ತು, ಯಾವಾಗಲೂ ಅವಳಿಗೇ ಮೊದಲು ಗೊತ್ತಾಗುತ್ತದೆ.

ಯಗಟಿ ಮುದ್ದಪ್ಪ ಎಂದು ಕರೆದರು. ಎದ್ದ, ಕೈ ಮುಗಿದ, ಸಾಹೇಬರ ಮುಖ ನೋಡಿದ, ಬಾಯಿ ತೆರೆದ — ಏನೂ ಇಲ್ಲ, ಒಣ ಬಾವಿ, ಎಲ್ಲಿ ಹೋಯಿತು ಆ ಜಯ, ಎಲ್ಲಿ ಹೋದವು ಪಾದಾರವಿಂದಗಳು, ಕಾಲು ತಾನಾಗಿ ಒಂದು ಹೆಜ್ಜೆ ಮುಂದಿಟ್ಟಿತು, ಅಗೋ ಬಂತು, ಮಹಾರಾಜರಿಗೆ ಜಯವಾಗಲಿ, ಇನ್ನೆರಡು ಹೆಜ್ಜೆ, ಯಗಟಿ ಗ್ರಾಮದ ಪ್ರಜೆಗಳು ಪಾದಾರವಿಂದಗಳಲ್ಲಿ, ಬಾನಿ ಮೇಲೆ ಬಂತು, ಸುರಿಯಿತು, ಈಗ ಉಸಿರು, ಹಿಂದಕ್ಕೆ ನಾಲ್ಕು ಹೆಜ್ಜೆ, ಬಂಗಲೆಯ ಅಂಗಳವೆಲ್ಲ ಗೊಳ್ಳೆಂದಿತು, ಏನಪ್ಪಾ ಇದು ಕುಣಿತ, ಒಂದ್ಕಡೆ ನಿಂತ್ಕೊಂಡು ಮಾತಾಡಯ್ಯ, ಅಮಲ್ದಾರರ ದನಿ. ನಿಂತ. ಮಾತೂ ನಿಂತಿತು. ನಿಂತರೆ ಮಾತಿಲ್ಲ, ನಡೆದರೆ ನಗು, ಬರಿಗೈಲಿ ಊರಿಗೆ ಹೋದರೆ ಅವಳೇನೂ ಬಯ್ಯುವುದಿಲ್ಲ, ಮುದ್ದೆ ಬಡಿಸಿ ಪಕ್ಕದಲ್ಲಿ ಕೂರುತ್ತಾಳೆ, ಅದೇ ಕಷ್ಟ, ಹೋದ ಸಲವೂ ಬಯ್ಯಲಿಲ್ಲ, ಹೆರಿಗೆ ನೋವು ಶುರುವಾಗಿ ಕಡೂರಿನ ಆಸ್ಪತ್ರೆಗೆಂದು ಗಾಡಿ ಕಟ್ಟಿದ್ದು, ಹಳ್ಳದ ಮರಳಿನಲ್ಲಿ ಗಾಲಿ ಹೂತದ್ದು, ಗಾಡಿಯ ಗೂಟ ಹಿಡಿದ ಅವಳ ಕೈ, ಎತ್ತಿಗೆ ಹೊಡೀಬ್ಯಾಡ್ರಿ ಅವೇನು ಮಾಡ್ತಾವೆ ಎಂದಳು, ಆ ಹೊತ್ತಿನಲ್ಲಿ, ಎತ್ತಿನ ಚಿಂತೆ ಅವಳಿಗೆ, ಕೂಸು ಮರಳಿನಲ್ಲೇ ಹುಟ್ಟಿ ಮರಳಿನಲ್ಲೇ ಹೋಯಿತು, ಗೂಟ ಹಿಡಿದ ಕೈಯನ್ನು ಬಿಡಿಸಬೇಕಾದರೆ ಒಂದೊಂದೇ ಬೆರಳು ಬಿಡಿಸಬೇಕಾಯಿತು.

ನಮ್ಮನೆಯೋಳಿಗೆ ಈಗ ಏಳು ತಿಂಗ್ಳು ಸ್ವಾಮಿ. ಯಾರೋ ಹೇಳಿದರು, ತಾನೇ ಹೇಳಿದ್ದು, ಮೇಷ್ಟ್ರ ಹಾಳೆಯಲ್ಲಿ ಇರದ ಮಾತು. ಹೋದ ಕಿತ ಹಳ್ಳ ದಾಟ್ಲಿಲ್ಲ ಗಾಡಿ, ಈ ಸಲ ನಂಗೆ ಧೈರ್ಯ ಇಲ್ಲ, ಒಬ್ಬ ನರ್ಸಮ್ಮನ್ನ ಕಳ್ಸಿ ಸ್ವಾಮಿ, ಅಷ್ಟೆ. ನಗು ಎಲ್ಲಿ ಹೋಯಿತೋ, ಸಾಹೇಬರು ಗುಮಾಸ್ತನತ್ತ ತಿರುಗಿದರು, ಯಗಟಿಗೆ ಒಬ್ಬರನ್ನ ಗೊತ್ತು ಮಾಡಿ, ಬರ್ಕೊಳ್ಳಿ, ಮೊದಲು ನೋಡಬೇಕಾದ್ದು ಇವರ ಮನೆಯವರನ್ನ, ಹೆಸರೇನಪ್ಪ ಆಕೇದು? ಹೆಸರು! ಮುದ್ದಪ್ಪನ ಮನೆತನದಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವುದಿಲ್ಲ, ಮದುವೆಯ ದಿನ ಹೊಸ್ತಿಲಲ್ಲಿ ಅಡ್ಡ ನಿಂತ ನಾದಿನಿಯರು ಬಿಡದೆ ಹೇಳಿಸಿದ್ದು ಒಂದೇ ಸಲ, ಆಮೇಲೆ ಎಂಟು ವರ್ಷ ಲೇ ಅಂದರೆ ಅವಳೇ, ಹಳ್ಳದ ಮರಳಿನಲ್ಲೂ ಲೇ, ಲೇ, ಕಣ್ಣು ಬಿಡೇ ಎಂದೇ ಕೂಗಿದ್ದ, ಹೆಸರು ಕೂಗಿರಲಿಲ್ಲ, ಕರಿಬಸಮ್ಮ ಎಂದ, ಗುಮಾಸ್ತನಿಗೆ ಕೇಳಲಿಲ್ಲವೆಂದು ಮತ್ತೆ ಗಟ್ಟಿಯಾಗಿ, ಕರಿಬಸಮ್ಮ ಸ್ವಾಮಿ, ಅಂಗಳದ ಆಚೆ ಕಟ್ಟಿದ ಎತ್ತುಗಳಿಗೂ ಕೇಳುವಷ್ಟು ಗಟ್ಟಿಯಾಗಿ, ಲೇಖನಿ ಬರೆಯುತ್ತಿದೆ, ಇನ್ನು ಕೂರಪ್ಪ ಎನ್ನುತ್ತಿದ್ದಾರೆ, ಕೂರಬೇಕು, ಕಣ್ಣ ಮುಂದೆ ಅವಳ ಕೈ, ಗಾಡಿಯ ಗೂಟ ಹಿಡಿದ ಕೈ, ಐದು ಬೆರಳು, ಆ ಕೈ ಈ ಸಲ ನರ್ಸಮ್ಮನ ಕೈ ಹಿಡಿದೀತು —