ಸೊನ್ನೆ ರೋಗಿಗಳ ಬಡಾವಣೆ

"ನೀನು ನಾರ್ಮಲ್ ಅಂದ ಕಾಲನ್ನೇ ಕತ್ತರಿಸಿ ಬಕೆಟ್ಟಿಗೆ ಹಾಕಿದ್ರಲ್ಲೇ, ಸೂಜಿ!"

ಅಷ್ಟು ಹೇಳಿ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು. ಅವಳ ಭುಜದ ಮೇಲಿಂದ ಒಳಗೆ ಕಾಣುತ್ತಿತ್ತು: ಇಸ್ತ್ರಿ ಮೇಜಿನ ಪಕ್ಕ ಚಾಪೆ, ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ ಅಣ್ಣ. ಮೊಣಕಾಲಿನಿಂದ ಕೆಳಗೆ ಹೊದಿಕೆ ಒಂದೇ ಕಡೆ ಉಬ್ಬಿತ್ತು.

ಸೂಜಿ ಅನ್ನುವುದು ಬಾಗಿಲಾಚೆ ನಿಂತಿದ್ದ ನಾದಿನಿಯ ನಿಜವಾದ ಹೆಸರಲ್ಲ. ಸಕ್ಕರೆ ಕಾಯಿಲೆ ತಡೆಗಟ್ಟುವ ಸರ್ಕಾರಿ ಯೋಜನೆಯಲ್ಲಿ ಮನೆಮನೆಗೆ ಹೋಗಿ ಬೆರಳು ಚುಚ್ಚುವ ಕೆಲಸ ಸಿಕ್ಕಿದ ಮೇಲೆ ಬೀದಿಯವರೇ ಇಟ್ಟದ್ದು. ಅವಳನ್ನು ಕಂಡರೆ ಮಕ್ಕಳು ಕೈ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಓಡುತ್ತಿದ್ದವು. ಅಂಗೈಯಗಲದ ಮಿಷನ್ನಿಗೆ ಒಂದು ಸ್ಟ್ರಿಪ್ಪು ಸಿಕ್ಕಿಸಿ, ಅದಕ್ಕೊಂದು ಹನಿ ರಕ್ತ ತಾಗಿಸಿದರೆ ಮೈಯಲ್ಲಿ ಸಕ್ಕರೆ ಎಷ್ಟಿದೆ ಅಂತ ತೋರಿಸುತ್ತದೆ. ಅವಳ ಮಿಷನ್ನು ಎಲ್ಲರಿಗೂ ನಾರ್ಮಲ್ಲೇ ತೋರಿಸಿತ್ತು. ಒಡಹುಟ್ಟಿದ ಅಣ್ಣನಿಗೂ. ಅವಳು ಖುಷಿಯಿಂದಲೇ ಹೇಳಿದ್ದಳು, "ಕಲ್ಲು ಕಣೋ ನೀನು, ಕಲ್ಲು" ಅಂತ.

ಒಳಗೊಳಗೇ ಇದ್ದ ಸಕ್ಕರೆ ಕಾಯಿಲೆಗೆ ಅವನ ಪಾದ ನಿಜವಾಗಿಯೂ ಕಲ್ಲಾಗಿತ್ತು. ಇಸ್ತ್ರಿಪೆಟ್ಟಿಗೆಯಿಂದ ಕೆಂಡ ಹಾರಿ ಪಾದದ ಮೇಲೆ ಬಿದ್ದಾಗ ಅವನಿಗೆ ಚುರುಕ್ ಅನ್ನಲೂ ಇಲ್ಲ. ಸುಟ್ಟ ವಾಸನೆ ಬಂತು. ಗಿರಾಕಿಯ ಅಂಗಿ ಸುಟ್ಟಿತೇನೋ ಅಂತ ಗಾಬರಿಯಾಗಿ ಅಂಗಿಯನ್ನೇ ತಿರುಗಿಸಿ ಮುರುಗಿಸಿ ನೋಡಿದ. ಅಂಗಿಗೆ ಏನೂ ಆಗಿರಲಿಲ್ಲ. ಸದ್ಯ ಅಂದುಕೊಂಡು ಮುಂದಿನ ಅಂಗಿ ಎತ್ತಿಕೊಂಡ. ಗಾಯ ಕಣ್ಣಿಗೆ ಬಿದ್ದದ್ದು ಪಾದ ಕೊಳೆತ ಮೇಲೆ.

"ಇನ್ನೊಂದು ಕಾಲಿನ ಬೆರಳೂ ಕಪ್ಪಾಗ್ತಾ ಇದೆ," ಎಂದಳು ಅತ್ತಿಗೆ. "ಮಾತ್ರೆ ತಪ್ಪಿಸಿದ್ರೆ ಅದೂ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ನಿಮ್ಮ ಯೋಜನೆಯ ಕೌಂಟರಿಗೆ ಹೋದ್ರೆ, ನಿಮ್ಮ ಬಡಾವಣೇಲಿ ಸಕ್ಕರೆ ರೋಗಿಗಳೇ ಇಲ್ಲ, ಮಾತ್ರೆ ಬರಲ್ಲ ಅಂತಾರೆ. ಯಾರೇ ಹೇಳಿದ್ದು ಇಲ್ಲ ಅಂತ?"

ಹೇಳಿದ್ದು ತಾನೇ ಅಂತ ಸೂಜಿಗೆ ಗೊತ್ತಿತ್ತು. ನೇರ ಕಚೇರಿಗೆ ನಡೆದಳು.

ಕಚೇರಿಯ ಹಿಂದೆ ಜನರೇಟರಿಗೆ ಅಂಟಿಕೊಂಡಂತೆ ಒಂದು ತಗಡಿನ ಶೆಡ್ಡು. ಸ್ಟ್ರಿಪ್ಪಿನ ಡಬ್ಬಿಗಳು ಬೇಯುತ್ತಿದ್ದದ್ದು ಅಲ್ಲಿ. ಏಸಿ ಇದ್ದ ಕೋಣೆಯಲ್ಲಿ ಯೋಜನೆಯ ಟೀ ಶರ್ಟು, ಟೋಪಿ, ಬ್ಯಾನರುಗಳು ತಣ್ಣಗೆ ಮಲಗಿದ್ದವು. ಅವುಗಳ ನಡುವೆ ಯೋಜನೆಯ ಸಾಹೇಬರು.

"ಸಾರ್, ಶೆಡ್ಡಲ್ಲಿಟ್ಟ ಸ್ಟ್ರಿಪ್ಪು ಬಿಸಿಗೆ ಕೆಟ್ಟು ಹೋಗಿವೆ. ಎಲ್ರಿಗೂ ನಾರ್ಮಲ್ ತೋರಿಸ್ತಿವೆ. ನಮ್ಮಣ್ಣನ ಕಾಲೇ ಹೋಯ್ತು ಸಾರ್."

"ಛೆ ಛೆ, ಪಾಪ. ಆದ್ರೆ ನೋಡಮ್ಮ, ನಮ್ಮದು ತಡೆಗಟ್ಟೋ ಯೋಜನೆ. ರೋಗಿಗಳು ಜಾಸ್ತಿ ಸಿಕ್ಕಿದ್ರೆ ಏನರ್ಥ? ನಾವು ತಡೆದಿಲ್ಲ ಅಂತ. ಅನುದಾನ ಕಟ್. ಯಾರೂ ಸಿಗದಿದ್ರೆ ಮುಂದಿನ ವರ್ಷ ಡಬಲ್. ಆಗ ಹೊಸ ಸ್ಟ್ರಿಪ್ ತರಿಸೋಣ."

"ಹೊಸ ಸ್ಟ್ರಿಪ್ಪಲ್ಲಿ ರೋಗಿಗಳು ಸಿಕ್ಕಿಬಿಟ್ರೆ?"

ಸಾಹೇಬರು ನಕ್ಕರು. "ಅದಕ್ಕೇ ಕಣಮ್ಮ, ಅವಸರ ಬೇಡ."

ಊಟದ ಹೊತ್ತಾಗಿತ್ತು. ಸಾಹೇಬರು ಬ್ಯಾಗಿನಿಂದ ಇನ್ಸುಲಿನ್ ಪೆನ್ನು ತೆಗೆದು, ಅಂಗಿ ಎತ್ತಿ, ಅವಳೆದುರೇ ಹೊಟ್ಟೆಗೆ ಚುಚ್ಚಿಕೊಂಡರು. ಕುರ್ಚಿ ಮೇಜಿನ ಮುಂದೆ, ಕೆಲಸದವಳ ಮುಂದೆ ಯಾರು ನಾಚಿಕೊಳ್ಳುತ್ತಾರೆ?

"ನಿಮ್ಮ ಸಕ್ಕರೆ ಯಾವ ಸ್ಟ್ರಿಪ್ಪಲ್ಲಿ ನೋಡ್ಕೋತೀರಿ ಸಾರ್?"

"ನಂದು ಬೇರೆ. ಸ್ವಂತದ್ದು." ಅವರು ಅಂಗಿ ಸರಿ ಮಾಡಿಕೊಂಡರು. "ಅಂದ ಹಾಗೆ ಭಾನುವಾರ ಸಮಾರಂಭ. ಅನುದಾನ ಕೊಡೋ ಮೇಡಂ ಬರ್ತಾರೆ. ನಿಮ್ಮದು ಸೊನ್ನೆ ರೋಗಿಗಳ ಬಡಾವಣೆ ಅಂತ ಘೋಷಣೆ. ವೇದಿಕೆ ಮೇಲೆ ನನ್ನ ಬೆರಳು ನೀನೇ ಚುಚ್ಚಬೇಕು, ನಿಮ್ಮ ಶೆಡ್ಡಿನ ಸ್ಟ್ರಿಪ್ಪಲ್ಲೇ. ನಾರ್ಮಲ್ ಬಂದೇ ಬರುತ್ತೆ. ನಗ್ತಾ ಚುಚ್ಚು."

"ಚುಚ್ತೀನಿ ಸಾರ್," ಎಂದಳು ಸೂಜಿ.

ಆ ಸಂಜೆ ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಅತ್ತಿಗೆ ಬಾಗಿಲು ಬಿಟ್ಟು ಸರಿದಳು. "ಒಳಗೆ ಬಾ," ಎಂದಳು. "ಸಿಹಿ ಎಷ್ಟು ಮಾಡಿಸ್ಬೇಕು ಹೇಳು."

ಭಾನುವಾರ ಮೈದಾನದ ತುಂಬ ಜನ. ಸಾಹೇಬರು ಯೋಜನೆಯ ಬಿಳಿ ಟೀ ಶರ್ಟು ತೊಟ್ಟು ವೇದಿಕೆ ಮೇಲೆ ಮಿಂಚುತ್ತಿದ್ದರು. ಪಕ್ಕದಲ್ಲಿ ಅನುದಾನದ ಮೇಡಂ. ಸಾಹೇಬರ ಬ್ಯಾಗು ಹೊರುವುದೂ ಸೂಜಿಯ ಕೆಲಸವೇ ಆದ್ದರಿಂದ ಅದು ಅವಳ ಹೆಗಲಲ್ಲಿತ್ತು. ಅವಳು ನಗುತ್ತಲೇ ಚುಚ್ಚಿದಳು. ಮೈಕು ಬಾಯಿಗೆ ಹಿಡಿದು ಕೂಗಿದಳು:

"ಸಾಹೇಬ್ರು ನಾರ್ಮಲ್!"

ಚಪ್ಪಾಳೆಯೋ ಚಪ್ಪಾಳೆ.

"ನಮ್ಮ ಸಾಹೇಬ್ರಿಗೆ ಸಕ್ಕರೆ ಇಲ್ಲ! ಬೀದಿಯ ಹೆಂಗಸ್ರೆಲ್ಲ ಬಂದು ಅವರ ಬಾಯಿ ಸಿಹಿ ಮಾಡ್ಬೇಕು!"

ತಟ್ಟೆ ಹಿಡಿದ ಹೆಂಗಸರು ಸಾಲಾಗಿ ವೇದಿಕೆ ಹತ್ತಿದರು. ಎಲ್ಲರಿಗಿಂತ ಮುಂದೆ ಅತ್ತಿಗೆ. ಮೊದಲ ತುತ್ತು ಸಾಹೇಬರು ನಗುತ್ತಲೇ ತಿಂದರು. ಆಮೇಲೆ ಪಾತ್ರೆ ತಿಕ್ಕುವವಳು ಒಂದು ತಿನ್ನಿಸಿದಳು. ಗಾರೆ ಕೆಲಸದವಳು ಎರಡು ತುರುಕಿದಳು.

"ಸಾಕಮ್ಮ, ಸಾಕು."

"ಅಯ್ಯೋ, ನಾರ್ಮಲ್ ಇರೋರು ಹಾಗನ್ನಬಾರ್ದು ಸಾರ್. ನಮ್ಮ ಕೈಯ್ದು ಅಂತ ಅಸಹ್ಯಾನಾ?"

ಮೇಡಂ ಮುಗುಳ್ನಕ್ಕು ನೋಡುತ್ತಿದ್ದರು. ಸಾಹೇಬರು ಇನ್ನೊಂದು ನುಂಗಿದರು. ಹಣೆಯಲ್ಲಿ ಬೆವರೊಡೆಯಿತು. ಸೂಜಿಯ ಕಡೆ ಬಾಗಿ ಪಿಸುಗುಟ್ಟಿದರು, "ಬ್ಯಾಗ್ ಕೊಡು."

"ಯಾಕ್ ಸಾರ್? ನಾರ್ಮಲ್ ಇದೀರಲ್ಲ."

"ಏನಾದ್ರೂ ತೊಂದರೇನಾ?" ಮೇಡಂ ಕೇಳಿದರು.

"ಏನಿಲ್ಲ ಮೇಡಂ, ಏನಿಲ್ಲ."

ಸಾಲು ಮುಗಿದರೂ ಅತ್ತಿಗೆ ಮತ್ತೆ ಎದುರಿಗೆ ಬಂದಳು. "ಬಾಯಿ ತೆಗೀರಿ. ಇದು ನಮ್ಮನೆಯವರ ಹೋದ ಕಾಲಿಗೆ." ತಿನ್ನಿಸಿದಳು. ಇನ್ನೊಂದು ಎತ್ತಿದಳು. "ಇದು ಇರೋ ಕಾಲಿಗೆ."

ಸಾಹೇಬರು ಅವಳ ಕೈಯನ್ನು ತಳ್ಳಿದರು. "ಸಾಕು! ನನಗೆ ಸಕ್ಕರೆ ಇದೆ! ಆ ಸ್ಟ್ರಿಪ್ ಕೆಟ್ಟಿದೆ!"

ಸೂಜಿ ಮೈಕನ್ನು ಅಷ್ಟು ಹೊತ್ತೂ ಅವರ ಗಲ್ಲದ ಕೆಳಗೇ ಹಿಡಿದಿದ್ದಳು. ಮಾತು ಮೈದಾನದ ಕೊನೆಯವರೆಗೆ ಹೋಗಿ ಬಡಿಯಿತು. ಮೇಡಂ ಮುಖದ ನಗು ಆರಿತು.

"ನಮ್ಮ ಬೀದಿಯೋರಿಗೆಲ್ಲ ಹಾಕಿದ್ದು ಯಾವ ಸ್ಟ್ರಿಪ್ಪು ಸಾರ್?"

ಸಾಹೇಬರು ಬ್ಯಾಗಿಗೆ ಕೈ ಚಾಚಿದರು. ಸೂಜಿ ಬ್ಯಾಗನ್ನು ಹೆಗಲಿನಿಂದ ತೆಗೆದು ಬೆನ್ನ ಹಿಂದೆ ಹಿಡಿದಳು.

"ಅದೇ," ಎಂದರು ಅವರು.

"ನಮ್ಮಣ್ಣನಿಗೆ?"

"ಅದೇ."

"ಹಿಂದಿನ ಸಾಲಿಗೆ ಕೇಳಿಸಿಲ್ಲ ಸಾರ್. ಇನ್ನೊಂದ್ಸಲ."

"ಅದೇ! ಎಲ್ರಿಗೂ ಅದೇ ಕೆಟ್ಟ ಸ್ಟ್ರಿಪ್ಪು!"

ಮೈದಾನದಲ್ಲಿ ಕುರ್ಚಿಗಳು ಸರಿಯುವ ಸದ್ದು ಎದ್ದಿತು. ಅತ್ತಿಗೆ ಅಂಟಾಗಿದ್ದ ಬೆರಳುಗಳನ್ನು ಒಂದೊಂದಾಗಿ ಸಾಹೇಬರ ಬಿಳಿ ಟೀ ಶರ್ಟಿಗೆ ಒರೆಸಿದಳು. ಹೆಬ್ಬೆರಳನ್ನು ಎರಡು ಸಲ ಒರೆಸಿ, ತಟ್ಟೆ ಕಂಕುಳಲ್ಲಿ ಇಟ್ಟುಕೊಂಡು ವೇದಿಕೆ ಇಳಿದಳು.